ಸಾಲದ ಕರಾರು ಓದದೆ ಕಟ್ಟಿದ ಬೆಲೆ

ಕಂಪನಿಗಳಿಗೆ ಬೆಲೆ ಕಟ್ಟುವುದು ನನ್ನ ಕೆಲಸ. ತುಂಬಾ ದಿನ ಸಾಲ ಅಂದರೆ ನನಗೆ ಬರೀ ಒಂದು ಅಂಕಿಯಾಗಿತ್ತು. ಮುಂದೆ ಬರುವ ನಗದನ್ನು ಇವತ್ತಿನ ಬೆಲೆಗೆ ಇಳಿಸುತ್ತಿದ್ದೆ, ಸಾಲ ಕಳೆಯುತ್ತಿದ್ದೆ, ಉಳಿದದ್ದು ಷೇರುದಾರರದ್ದು.

ಒಂದು ಸಲ ಲೆಕ್ಕ ತೋರಿಸಿದಾಗ ಹಿರಿಯರೊಬ್ಬರು ಕೇಳಿದರು: "ಸಾಲದ ಕರಾರು ಓದಿದ್ರಾ?" ಓದಿರಲಿಲ್ಲ. ಅಷ್ಟು ದಪ್ಪದ ಕಡತ ಯಾರು ಓದುತ್ತಾರೆ, ಅಲ್ವಾ? ಅವತ್ತು ರಾತ್ರಿ ಕೂತು ಓದಿದೆ.

ಸಾಲವು ಇಬಿಐಟಿಡಿಎಯ, ಅಂದರೆ ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮುಂಚಿನ ಲಾಭದ, 3.5 ಪಟ್ಟು ದಾಟಬಾರದು ಎಂದಿತ್ತು. ಆ ಲಾಭ 40, ಸಾಲ 130 ಎಂದಿಟ್ಟುಕೊಳ್ಳಿ. 3.25 ಪಟ್ಟಾಯಿತು, ನೋಡಲು ಆರಾಮ. ಲಾಭ 37ಕ್ಕೆ ಇಳಿದರೆ ಸಾಕು, ಷರತ್ತು ಮುರಿಯುತ್ತದೆ. ನನ್ನ ಸ್ಪ್ರೆಡ್‌ಶೀಟಿನ 'ಕೆಟ್ಟ ವರ್ಷ'ದಲ್ಲಿ ಲಾಭ 36ಕ್ಕೆ ಇಳಿದಿತ್ತು. ಆ ವರ್ಷವೂ ನಾನು ಧಾರಾಳವಾಗಿ ಡಿವಿಡೆಂಡ್ ಹಂಚಿದ್ದೆ! 3 ಪಟ್ಟಿಗಿಂತ ಜಾಸ್ತಿ ಸಾಲ ಇದ್ದರೆ ಡಿವಿಡೆಂಡೇ ಕೊಡುವಂತಿಲ್ಲ ಎಂದು ಕರಾರು ಹೇಳುತ್ತಿತ್ತು. ಷರತ್ತು ಮುರಿದರೆ ಸಾಲ ಕೊಟ್ಟವರು ಪೂರ್ತಿ ಸಾಲ ಕೂಡಲೇ ವಾಪಸ್ ಕೇಳಬಹುದು. ಎಷ್ಟೋ ಸಲ ಕೇಳುವುದಿಲ್ಲ, ಶುಲ್ಕ ಹಾಕಿ, ಬಡ್ಡಿ ಏರಿಸಿ ವಿನಾಯಿತಿ ಕೊಡುತ್ತಾರೆ. ಆ ಖರ್ಚೂ ನನ್ನ ಲೆಕ್ಕದಲ್ಲಿರಲಿಲ್ಲ.

ಇನ್ನೊಂದು ಪೇಚು ಆ ಲಾಭದ ವಿವರಣೆಯಲ್ಲೇ ಇತ್ತು. 2019ರಲ್ಲಿ ಐಎಫ್‌ಆರ್‌ಎಸ್ 16 ಎಂಬ ಅಂತರರಾಷ್ಟ್ರೀಯ ಲೆಕ್ಕಪತ್ರ ನಿಯಮ ಜಾರಿಯಾದ ಮೇಲೆ ಹೆಚ್ಚಿನ ದೀರ್ಘಾವಧಿ ಬಾಡಿಗೆಗಳು ಸಾಲದ ಸಾಲಿಗೆ ಸೇರಿದವು. ಬಾಡಿಗೆ ಖರ್ಚು ಸವಕಳಿ ಮತ್ತು ಬಡ್ಡಿಯಾಗಿ ಒಡೆದುಕೊಂಡಿತು. ಸಾಲವೂ ಏರಿತು, ಇಬಿಐಟಿಡಿಎಯೂ ಏರಿತು. ಕರಾರು ಮಾತ್ರ ಹಳೆಯ ಪದ್ಧತಿಯಲ್ಲೇ ಲೆಕ್ಕ ಹಾಕಿ ಎನ್ನುತ್ತಿತ್ತು. ಬ್ಯಾಲೆನ್ಸ್ ಶೀಟಿನಿಂದ ಸುಮ್ನೆ ಅಂಕಿ ಎತ್ತಿದ್ದರೆ ತಪ್ಪುತ್ತಿತ್ತು.

ಆಮೇಲೆ ವಿಧಾನವನ್ನೂ ಬದಲಿಸಿದೆ. ಬಂಡವಾಳದ ಸರಾಸರಿ ವೆಚ್ಚ, ಅಂದರೆ ಸಾಲ ಕೊಟ್ಟವರೂ ಷೇರುದಾರರೂ ಬಯಸುವ ಪ್ರತಿಫಲದ ಸರಾಸರಿ, ಅಂತ ಎಲ್ಲ ವರ್ಷಕ್ಕೂ ಒಂದೇ ದರ ಹಾಕಿದರೆ, ಕಂಪನಿಯ ಬೆಲೆಯಲ್ಲಿ ಸಾಲದ ಪಾಲು ಬದಲಾಗುವುದಿಲ್ಲ ಎಂದು ಒಪ್ಪಿಕೊಂಡಂತೆ. ಇಲ್ಲಿ ಸಾಲ ವರ್ಷ ವರ್ಷ ಕರಗುತ್ತಿತ್ತು, ಮಿಕ್ಕ ನಗದಿನಲ್ಲಿ ಅರ್ಧವೂ ಸಾಲಕ್ಕೇ ಹೋಗಬೇಕಿತ್ತು. ಹಾಗಾಗಿ ಸಾಲವೇ ಇಲ್ಲ ಎಂದುಕೊಂಡು ಮೊದಲು ಬೆಲೆ ಕಟ್ಟಿದೆ, ಬಡ್ಡಿಯಿಂದ ಉಳಿಯುವ ತೆರಿಗೆಯನ್ನು ವರ್ಷವಾರು ಬೇರೆಯಾಗಿ ಸೇರಿಸಿದೆ. ಕೆಲಸ ಜಾಸ್ತಿ, ಆದರೆ ಎಲ್ಲಿ ಏನಾಗುತ್ತದೆ ಎಂದು ಕಣ್ಣಿಗೆ ಕಾಣುತ್ತದೆ.

ಕೊನೆಯ ಪುಟಗಳಲ್ಲಿ ಇನ್ನೊಂದು ಸಾಲು ಸಿಕ್ಕಿತು. ಮಾಲೀಕರು ಬದಲಾದರೆ ಸಾಲ ಪೂರ್ತಿ ತೀರಿಸಬೇಕು. ಹಳೆಯ ಕಡಿಮೆ ಬಡ್ಡಿ ಮುಂದೆಯೂ ಸಿಗುತ್ತದೆ ಎಂದು ನಂಬಿ ನಾನು ಬೆಲೆ ಕಟ್ಟಿದ್ದೆ. ಅದೂ ಆ ಕಂಪನಿಯನ್ನು ಕೊಳ್ಳಲು ಹೊರಟವರಿಗಾಗಿ.