ಕೆಂಪು ಟ್ಯೂಬ್ ಇಲ್ಲದೆ ಒಂದೂವರೆ ವರ್ಷ: ನನ್ನ ಅನುಭವ

ನನ್ನ ಮೇಜಿನ ಮೇಲೆ ಈಗ ಬಿಳಿ ಸೇರಿ ಆರೇ ಆರು ಅಕ್ರಿಲಿಕ್ ಬಣ್ಣದ ಟ್ಯೂಬ್ ಇವೆ. ಕೆಂಪು ಇಲ್ಲ. ಹಸಿರು, ಕೇಸರಿ, ನೇರಳೆ, ಕಪ್ಪು, ಯಾವುದೂ ಇಲ್ಲ. ‘ಕೆಂಪೇ ಇಲ್ಲದೆ ಅದೇನು ಬರೀತೀಯೋ ನೋಡ್ತೀವಿ’ ಅಂದಿದ್ದ ಗೆಳೆಯರಲ್ಲಿ ಇಬ್ಬರು ಮೊನ್ನೆ ಬಂದು ಈ ಆರು ಬಣ್ಣಗಳ ಪಟ್ಟಿ ಬರೆದುಕೊಂಡು ಹೋದರು. ಅಷ್ಟರಲ್ಲಿ ನಾನು ಸುಮಾರು ನಲವತ್ತು ಕ್ಯಾನ್ವಾಸ್ ಮುಗಿಸಿದ್ದೆ.

ದುಡ್ಡು ಹೋದದ್ದು ಸೆಟ್‌ಗಳಿಂದ. ಕಲಿಯುವವರಿಗೆಂದು ಮಾಡಿದ 24 ಟ್ಯೂಬಿನ ಸ್ಟೂಡೆಂಟ್ ಸೆಟ್, ಒಂದಲ್ಲ, ಮೂರು ಸಲ ತಗೊಂಡೆ. ಪ್ರತಿ ಸಲ ಬಿಳಿ ಮೊದಲು ಖಾಲಿ, ಆಮೇಲೆ ನೀಲಿ, ಹಳದಿ. ಮಿಕ್ಕ ಹದಿನೈದು ಹದಿನಾರು ಟ್ಯೂಬ್ ಮುಚ್ಚಳ ಅಂಟಿಕೊಂಡು ಒಳಗೇ ಗಟ್ಟಿಯಾದವು. ಆ ಮೂರು ಸೆಟ್‌ಗೆ ಸುರಿದ ದುಡ್ಡಲ್ಲಿ ಇವತ್ತಿನ ಆರು ಟ್ಯೂಬ್ ಎರಡು ಸಲ ತರಬಹುದಿತ್ತು. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಕಣ್ಣು ತೆರೆಸಿದ್ದು ಒಂದು ಸಂಜೆ ಆಕಾಶ. ನೇರಳೆ ಬೇಕಿತ್ತು. ಕ್ಯಾಡ್ಮಿಯಂ ರೆಡ್ ಹ್ಯೂಗೆ (ಕ್ಯಾಡ್ಮಿಯಂ ಕೆಂಪನ್ನು ಹೋಲುವ ಅಗ್ಗದ ಕೆಂಪು) ಅಲ್ಟ್ರಾಮರೀನ್ ನೀಲಿ ಸೇರಿಸಿದೆ, ಕಂದು ಬಂತು. ನೀಲಿ ಜಾಸ್ತಿ ಮಾಡಿದೆ, ಮತ್ತೆ ಕೆಂಪು, ಮತ್ತೆ ಬಿಳಿ, ಹೀಗೆ ಮಾಡ್ತಾ ಮಾಡ್ತಾ ಪ್ಯಾಲೆಟ್ ಮೇಲೆ ಒಂದು ಹಿಡಿ ಬಣ್ಣ ಗುಡ್ಡೆಯಾಯಿತು, ಅಷ್ಟೂ ರಾಡಿ. ಆ ಕೆಂಪಿಗೆ ಹಳದಿ ಕಡೆಗೆ ವಾಲುವ ಗುಣ ಇದೆ. ಹಳದಿ ನೇರಳೆಯನ್ನು ಕೊಲ್ಲುತ್ತದೆ, ಅಷ್ಟೇ ವಿಷಯ. ಅವತ್ತೇ ಎಲ್ಲ ಟ್ಯೂಬ್ ತಿರುಗಿಸಿ ಹಿಂದಿನ ಪಿಗ್ಮೆಂಟ್ ಕೋಡ್, ಅಂದರೆ ಒಳಗಿರುವ ಬಣ್ಣದ ಪುಡಿ ಯಾವುದು ಅಂತ ಹೇಳುವ ಅಕ್ಷರ, ಸಂಖ್ಯೆ ಓದುತ್ತಾ ಕೂತೆ. ನನ್ನ ಸ್ಯಾಪ್ ಗ್ರೀನ್‌ನಲ್ಲೇ ಮೂರು ಪಿಗ್ಮೆಂಟ್ ಇದ್ದವು! ಅದಕ್ಕೆ ಇನ್ನೆರಡು ಬಣ್ಣ ಬೆರೆಸಿದರೆ ರಾಡಿಯಾಗದೆ ಇನ್ನೇನಾಗುತ್ತದೆ?

ಅಲ್ಲಿಂದ ಒಂದೇ ನಿಯಮ, ಒಂದು ಟ್ಯೂಬಿಗೆ ಒಂದೇ ಪಿಗ್ಮೆಂಟ್. ಹಳದಿ ಪಿವೈ 74, ಕ್ವಿನಾಕ್ರಿಡೋನ್ ಮಜೆಂಟಾ (ನೇರಳೆಗೆ ವಾಲುವ ಕಡು ಗುಲಾಬಿ) ಪಿಆರ್ 122, ಥ್ಯಾಲೊ ಬ್ಲೂ ಪಿಬಿ 15:3, ಅಲ್ಟ್ರಾಮರೀನ್ ಪಿಬಿ 29, ಬರ್ನ್ಟ್ ಸಿಯೆನಾ (ಕೆಂಪು ಛಾಯೆಯ ಮಣ್ಣಿನ ಕಂದು) ಪಿಬಿಆರ್ 7, ಟೈಟೇನಿಯಂ ವೈಟ್ ಪಿಡಬ್ಲ್ಯೂ 6.

ಕೆಂಪು ಮಜೆಂಟಾದಿಂದಲೇ ಬರುತ್ತದೆ. ಒಂದು ಪಾಲು ಮಜೆಂಟಾಗೆ ಒಂದೂವರೆ, ಎರಡು ಪಾಲು ಹಳದಿ. ಕಂಪನಿ ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಅದೇ ಮಜೆಂಟಾಗೆ ಅಲ್ಟ್ರಾಮರೀನ್ ಹಾಕಿ ನೋಡಿ, ಅವತ್ತು ನನಗೆ ಸಿಗದ ನೇರಳೆ ಅಲ್ಲೇ ಇದೆ. ಒಂದು ಕೊರತೆ ಇದೆ, ಈ ಕೆಂಪು ಪಾರದರ್ಶಕ, ಕ್ಯಾಡ್ಮಿಯಂ ತರ ಒಂದೇ ಕೋಟ್‌ಗೆ ಮುಚ್ಚುವುದಿಲ್ಲ. ನಾನು ಅಡಿಯಲ್ಲಿ ಒಂದು ಪದರ ಹಾಕಿ ಅದನ್ನು ಸರಿ ಮಾಡಿಕೊಂಡಿದ್ದೇನೆ. ಯಾವ ಬಣ್ಣದ ಪದರ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಹಸಿರಿಗೆ ಹಳದಿ, ಥ್ಯಾಲೊ ಬ್ಲೂ. ಆದರೆ ಥ್ಯಾಲೊ ವಿಷಯದಲ್ಲಿ ಹುಷಾರು, ಚೂರೇ ಸಾಕು, ಮಿಕ್ಕ ಬಣ್ಣವನ್ನು ನುಂಗಿಬಿಡುತ್ತದೆ. ಹಳದಿ ಗುಡ್ಡೆಗೆ ನೈಫಿನ ತುದಿಯಲ್ಲಿ ಸಾಸಿವೆ ಕಾಳಿನಷ್ಟು ತಾಗಿಸಿ, ಪೂರ್ತಿ ಕಲಸಿ, ಆಮೇಲೆ ಇನ್ನೊಂದು ಕಾಳು. ಉಲ್ಟಾ, ಅಂದರೆ ಥ್ಯಾಲೊಗೆ ಹಳದಿ ಹಾಕುತ್ತಾ ಹೋದರೆ, ಹಳದಿ ಟ್ಯೂಬ್ ಅರ್ಧ ಮುಗಿದರೂ ನಿಮಗೆ ಬೇಕಾದ ಹಸಿರು ಸಿಗುವುದಿಲ್ಲ. ನನ್ನ ಒಂದು ಟ್ಯೂಬ್ ಹಾಗೇ ಹೋಯಿತು.

ಕಪ್ಪಿಗೆ ಅಲ್ಟ್ರಾಮರೀನ್ ಮತ್ತು ಬರ್ನ್ಟ್ ಸಿಯೆನಾ, ಹೆಚ್ಚುಕಡಿಮೆ ಮೂರಕ್ಕೆ ಎರಡು. ಗುಡ್ಡೆ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಬರೀ ಕಪ್ಪು. ಅಂಚಿನಿಂದ ಚೂರು ಎಳೆದು ಬಿಳಿ ತಾಗಿಸಿದರೆ ಆ ಬೂದು ನೀಲಿಗೆ ವಾಲಿದೆಯೋ ಕಂದಿಗೆ ವಾಲಿದೆಯೋ ತಕ್ಷಣ ಕಾಣುತ್ತದೆ. ಈ ಬೂದುಗಳ ಮುಂದೆ ಟ್ಯೂಬಿನ ಕಪ್ಪು ನನಗೆ ಸತ್ತಂತೆ ಕಾಣುತ್ತದೆ.

ಮಧ್ಯೆ ಒಂದು ತಿಂಗಳು ಮಾತ್ರ ನನ್ನ ಆರು ಬಿಟ್ಟು, ಕೆಂಪು ಟ್ಯೂಬೂ ಇರುವ, ಸ್ವೀಡನ್ನಿನ ಚಿತ್ರಕಾರ ಆಂಡರ್ಸ್ ಜಾರ್ನ್ ಹೆಸರಿನ ನಾಲ್ಕು ಬಣ್ಣದ ಪ್ಯಾಲೆಟ್ ಹಿಡಿದು ಕೂತಿದ್ದೆ. ಯೆಲ್ಲೋ ಓಕರ್ (ಮಣ್ಣಿನ ಹಳದಿ), ಜಾರ್ನ್ ಪ್ಯಾಲೆಟ್ಟಿನ ವರ್ಮಿಲಿಯನ್ ಕೆಂಪಿನ ಬದಲಿಗೆ ಕ್ಯಾಡ್ಮಿಯಂ ರೆಡ್, ಕಪ್ಪು, ಬಿಳಿ. ಕಪ್ಪಿಗೆ ಓಕರ್ ಸೇರಿದರೆ ಎಷ್ಟು ಒಳ್ಳೆ ಎಲೆಹಸಿರು ಬರುತ್ತದೆ ಗೊತ್ತಾ! ಮುಖಗಳು ಸಲೀಸಾಗಿ ಬಂದವು. ಆದರೆ ಕಪ್ಪು ಬಿಳಿ ಬೆರೆತ ಬೂದು, ಕೆಂಪು, ಹಳದಿಯಂಥ ಬಿಸಿ ಬಣ್ಣಗಳ ಪಕ್ಕದಲ್ಲಿದ್ದರೆ ಮಾತ್ರ ನೀಲಿ ಅನ್ನಿಸುತ್ತದೆ. ನನ್ನ ಆಕಾಶಗಳಿಗೆ ಅದು ಸಾಲಲಿಲ್ಲ, ಬಿಟ್ಟೆ.

ದುಡ್ಡು ಎಲ್ಲಿ ಉಳಿಸಬೇಕು ಅಂದರೆ ಬರ್ನ್ಟ್ ಸಿಯೆನಾದಲ್ಲಿ. ಮಣ್ಣಿನ ಪಿಗ್ಮೆಂಟ್ ಅಗ್ಗ, ಸ್ಟೂಡೆಂಟ್ ಗ್ರೇಡಿನದೂ ಚೆನ್ನಾಗೇ ಇರುತ್ತದೆ. ಮಜೆಂಟಾದಲ್ಲಿ ಉಳಿಸಲು ಹೋಗಬೇಡಿ. ನನ್ನ 60 ಎಂಎಲ್ ಮಜೆಂಟಾ ವರ್ಷ ದಾಟಿ ಬಂತು, ಅದೇ ಅವಧಿಯಲ್ಲಿ 250 ಎಂಎಲ್ ಬಿಳಿ ಮೂರು ಖಾಲಿ. ಬಿಳಿ ದೊಡ್ಡ ಡಬ್ಬದಲ್ಲೇ ತಗೊಳ್ಳಿ.

ಒಣಗಿದ ಮೇಲೆ ಅಕ್ರಿಲಿಕ್ ಬಣ್ಣ ಒಂದು ಮೆಟ್ಟಿಲು ಗಾಢವಾಗುತ್ತದೆ. ಹಸಿಯಲ್ಲಿ ಬೈಂಡರ್, ಅಂದರೆ ಪಿಗ್ಮೆಂಟನ್ನು ಹಿಡಿದಿಡುವ ಅಂಟು, ಹಾಲಿನಂತೆ ಬೆಳ್ಳಗಿರುತ್ತದೆ, ಒಣಗಿದರೆ ತಿಳಿಯಾಗುತ್ತದೆ. ಹಾಗಾಗಿ ಪ್ರತಿ ಮಿಶ್ರಣವನ್ನೂ ಒಂದು ಕಾರ್ಡಿಗೆ ಬಳಿದು, ಹೇರ್ ಡ್ರೈಯರ್ ಹಿಡಿದು ಒಣಗಿಸಿ, ಆಮೇಲೆ ಕ್ಯಾನ್ವಾಸ್ ಮುಟ್ಟುತ್ತೇನೆ. ಅಂಥ ಕಾರ್ಡ್ ಈಗ ಮುನ್ನೂರರ ಹತ್ತಿರ ಇವೆ.

ಸದ್ಯ ಬರ್ನ್ಟ್ ಸಿಯೆನಾ ಕೂಡ ಬಿಟ್ಟು ಐದರಲ್ಲೇ ನಡೆಸಲು ನೋಡುತ್ತಿದ್ದೇನೆ. ಕಂದು ಬರುತ್ತದೆ, ಆದರೆ ಎರಡನೇ ಸಲ ಕಲಸಿದಾಗ ಅದೇ ಕಂದು ಬರುತ್ತಿಲ್ಲ. ಹಾಗಾಗಿ ಆ ಟ್ಯೂಬ್ ಇನ್ನೂ ಮೇಜಿನ ಮೇಲೇ ಇದೆ.