ಅಟ್ಟದ ಬಿಸಿಗಾಳಿಗೆ ಹಪ್ಪಳ ಒಣಗಿಸಿ

ಹಲಸಿನ ಹಪ್ಪಳ ಒತ್ತುವ ಏಪ್ರಿಲ್, ಮೇ ತಿಂಗಳಲ್ಲಿ ಮಲೆನಾಡಿನ ಅಂಗಳದ ದೃಶ್ಯ ಒಂದೇ: ಮಧ್ಯಾಹ್ನ ಗುಡುಗು ಕೇಳಿತೋ ಇಲ್ಲವೋ, ಮನೆಮಂದಿಯೆಲ್ಲ ಚಾಪೆ ಎತ್ತಿಕೊಂಡು ಓಡುತ್ತಾರೆ. ಅದೇ ಹೊತ್ತಿಗೆ ತಲೆಯ ಮೇಲೆ, ಮುಚ್ಚಿಗೆಗೂ ಹೆಂಚಿಗೂ ನಡುವೆ, ಬೆಳಗಿನಿಂದ ಕಾದ ಗಾಳಿ ಕೆಲಸವಿಲ್ಲದೆ ಕುಳಿತಿರುತ್ತದೆ. ಅದನ್ನು ಒಂದು ಕೊಳವೆಯಲ್ಲಿ ಕೆಳಗಿಳಿಸಿದರೆ ವಿದ್ಯುತ್ ಡ್ರೈಯರ್ ಬೇಕಾಗುವುದಿಲ್ಲ.

ಈ ಬಿಸಿಯಿಂದ ಸ್ನಾನದ ನೀರು ಕಾಯಿಸಬಾರದೇ ಎಂದು ಕೇಳುವವರಿದ್ದಾರೆ. ಲೆಕ್ಕ ಹಾಕಿ ನೋಡಿದೆ. 15 ಲೀಟರ್ ಗೀಸರಿನ ನೀರು 10 ಡಿಗ್ರಿ ಏರಬೇಕಾದರೆ 50 ಘನ ಮೀಟರಿಗೂ ಹೆಚ್ಚು ಗಾಳಿ ತನ್ನ 10 ಡಿಗ್ರಿ ಬಿಸಿಯನ್ನು ಪೂರ್ತಿ ಬಿಟ್ಟುಕೊಡಬೇಕು. ಉಳಿತಾಯವಾಗುವ ವಿದ್ಯುತ್ ಒಂದು ಯೂನಿಟ್ಟಿನ ಐದನೇ ಒಂದು ಭಾಗಕ್ಕಿಂತ ಕಡಿಮೆ. ಆ ಗೋಜು ಬೇಡ. ಒಣಗಿಸುವ ಕೆಲಸದ ಕಥೆಯೇ ಬೇರೆ. 30 ಡಿಗ್ರಿಯಲ್ಲಿ ಶೇ 80ರಷ್ಟು ಸಾಪೇಕ್ಷ ತೇವಾಂಶ (ಆ ಬಿಸಿಯಲ್ಲಿ ಹಿಡಿಯಬಲ್ಲ ನೀರಿನಲ್ಲಿ ಎಷ್ಟು ಪಾಲು ತುಂಬಿದೆ ಎನ್ನುವ ಲೆಕ್ಕ) ಇರುವ ಗಾಳಿ 45 ಡಿಗ್ರಿಗೆ ಕಾದರೆ ಆ ಪ್ರಮಾಣ ಸುಮಾರು ಶೇ 35ಕ್ಕೆ ಇಳಿಯುತ್ತದೆ. ಗಾಳಿಯಲ್ಲಿರುವ ನೀರು ಅಷ್ಟೇ, ಬಾಯಾರಿಕೆ ಮಾತ್ರ ಹೆಚ್ಚು.

ಮೊದಲು ಅಟ್ಟ ಹತ್ತಿ ನೋಡಿ. ಮಾಡಿಗೆ ಸಿಮೆಂಟ್ ಶೀಟ್ ಹೊದಿಸಿದ್ದರೆ ಅದರಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಆ ಗಾಳಿಯನ್ನು ತಿನ್ನುವ ವಸ್ತುವಿನ ಮೇಲೆ ಹಾಯಿಸಲೇಬೇಡಿ. ಹೆಂಚು ಹೊರುವ ಮರದ ಪಕಾಸಿ, ರೀಪುಗಳಿಗೆ ಈಚೆಗೆ ಗೇರೆಣ್ಣೆ ಅಥವಾ ಗೆದ್ದಲಿನ ಔಷಧ ಬಳಿದಿದ್ದರೂ ಈ ವರ್ಷ ಬೇಡ. ಇಲಿಯ ಹಿಕ್ಕೆ, ಬಾವಲಿಯ ಗೊಬ್ಬರ ಇದ್ದರೆ ಮೂಗು ಬಾಯಿಗೆ ಮಾಸ್ಕ್ ಕಟ್ಟಿಕೊಂಡು, ನೀರು ಚಿಮುಕಿಸಿ ಒರೆಸಿ ತೆಗೆಯಿರಿ. ಒಣ ಕಸಬರಿಗೆ ಆಡಿಸಿದರೆ ದೂಳೆಲ್ಲ ನಿಮ್ಮ ಶ್ವಾಸಕೋಶಕ್ಕೇ.

ಆಮೇಲೆ ಥರ್ಮಾಮೀಟರ್. ಹೆಂಚಿಗೆ ತಾಗದಂತೆ, ಮಾಡಿನ ನೆತ್ತಿಯಿಂದ ಒಂದು ಅಡಿ ಕೆಳಗೆ ತೂಗುಹಾಕಿ, ನಾಲ್ಕೈದು ದಿನ 11 ಗಂಟೆಗೆ, 2ಕ್ಕೆ, 4ಕ್ಕೆ ಬರೆದಿಡಿ. ಹೊರಗಿನ ನೆರಳಿಗಿಂತ ಎಂಟು ಹತ್ತು ಡಿಗ್ರಿ ಹೆಚ್ಚಿದ್ದರೆ ಮುಂದುವರಿಯಬಹುದು. ನಮ್ಮ ಮನೆಯಲ್ಲಿ ಮಾರ್ಚಿಯ ಮಧ್ಯಾಹ್ನ ಹೊರಗೆ 34 ಇದ್ದಾಗ ನೆತ್ತಿಯಲ್ಲಿ 46 ಇತ್ತು. ಎರಡಡಿ ಕೆಳಗೆ 41. ಕೊಳವೆಯ ಬಾಯಿ ನೆತ್ತಿಗೇ ಹೋಗಬೇಕೆನ್ನುವುದು ಇದಕ್ಕೇ.

ಕೊಳವೆಗೆ ನಾಲ್ಕು ಇಂಚಿನ ಪಿವಿಸಿ ಪೈಪ್ ಸಾಕು. ತಿರುವು ಒಂದಕ್ಕಿಂತ ಹೆಚ್ಚು ಬೇಡ. ಮೇಲಿನ ಬಾಯಿಗೆ ಸೊಳ್ಳೆಪರದೆಯ ಬಲೆ ಬಿಗಿದು, ಅದರ ಮೇಲೆ ಹಳೆಯ ಪಂಚೆಯ ಒಂದು ಪದರ ಕಟ್ಟಿ. ಎರಡು ಪದರವಾದರೆ ಗಾಳಿ ಉಸಿರು ಕಟ್ಟುತ್ತದೆ. ಕೋಣೆಯೊಳಗೆ ಹಾಯುವ ಭಾಗಕ್ಕೆ ಗೋಣಿತಾಟು ಸುತ್ತಿ.

ಕೊಳವೆಯ ಕೆಳತುದಿಯಲ್ಲಿ ಹಪ್ಪಳ ಒಣಗಿಸುವ ಪೆಟ್ಟಿಗೆಯಾಗಿ ಬಾಗಿಲು ಗಟ್ಟಿಯಿರುವ ಹಳೆಯ ಕಪಾಟು ನಡೆಯುತ್ತದೆ. ಮರದ ಚೌಕಟ್ಟಿಗೆ ನೈಲಾನ್ ಬಲೆ ಹೊಡೆದು ಐದಾರು ತಟ್ಟೆ ಮಾಡಿ, ನಡುವೆ ನಾಲ್ಕು ಬೆರಳು ಅಂತರ ಬಿಡಿ. ಬಿಸಿಗಾಳಿ ತಳದಿಂದ ಹೊಕ್ಕು ಮೇಲಿನಿಂದ ಹೊರಡಲಿ. ತಾನಾಗಿ ಅದು ಅಟ್ಟದಿಂದ ಇಳಿಯುವುದಿಲ್ಲವಾದ್ದರಿಂದ ಪೆಟ್ಟಿಗೆಯ ಪ್ರವೇಶದಲ್ಲಿ ಒಂದು ಫ್ಯಾನ್ ಬೇಕು. 30 ವಾಟಿನ ಸಣ್ಣ ಎಕ್ಸಾಸ್ಟ್ ಫ್ಯಾನ್ ದಿನಕ್ಕೆ ಆರು ಗಂಟೆ ಓಡಿದರೂ 0.18 ಯೂನಿಟ್, ಒಂದು ಕಿಲೋವಾಟಿನ ಹೀಟರ್ ಅಷ್ಟೇ ಹೊತ್ತು ಉರಿದರೆ ಆರು ಯೂನಿಟ್. ನನಗೆ ಹಿಡಿಸಿದ್ದು 12 ವೋಲ್ಟ್ ಫ್ಯಾನನ್ನು ನೇರವಾಗಿ ಪುಟ್ಟ ಸೌರಫಲಕಕ್ಕೆ ಜೋಡಿಸುವ ಉಪಾಯ. ಬಿಸಿಲು ಬಂದಾಗ ತಿರುಗುತ್ತದೆ, ಹೋದಾಗ ನಿಲ್ಲುತ್ತದೆ. ಸ್ವಿಚ್ಚಿನ ನೆನಪೇ ಬೇಡ. ಗಂಟೆಗೆ 100 ಘನ ಮೀಟರ್ ಗಾಳಿ ಹಾದು 10 ಡಿಗ್ರಿ ತಣಿದರೆ ಹೆಚ್ಚೆಂದರೆ ಅರ್ಧ ಲೀಟರಿನಷ್ಟು ನೀರು ಎಳೆದೀತು. ಸೋರಿಕೆ, ತಿರುವು ಎಲ್ಲ ಕಳೆದು ಅದರ ಅರ್ಧ ಎಂದುಕೊಳ್ಳಿ.

ನಾನು ಎಡವಿದ್ದು ಹೊರದಾರಿಯಲ್ಲಿ. ಬಿಸಿ ವ್ಯರ್ಥವಾಗದಿರಲಿ ಎಂದು ಪೆಟ್ಟಿಗೆಯಿಂದ ಹೊರಟ ಗಾಳಿಯನ್ನು ಮರಳಿ ಅಟ್ಟಕ್ಕೇ ಬಿಟ್ಟಿದ್ದೆ. ಮೂರನೆಯ ದಿನಕ್ಕೆ ಕೆಳಗಿನ ತಟ್ಟೆಯ ಹಪ್ಪಳದ ಅಂಚಿನಲ್ಲಿ ಬೂದುಬಣ್ಣದ ಬೂಸಲು, ಪಕಾಸಿಯಲ್ಲಿ ಮುಗ್ಗಲು ವಾಸನೆ. ಒದ್ದೆಗಾಳಿ ಸುತ್ತಿ ಸುತ್ತಿ ಅಲ್ಲೇ ಬರುತ್ತಿತ್ತು. ಅದನ್ನು ಕಿಟಕಿಯಿಂದಲೋ ಗೋಡೆಯ ತೂತಿನಿಂದಲೋ ಸೂರಿನಾಚೆಗೆ ಕಳಿಸಿ. ಸಂಜೆ ಐದಕ್ಕೆ ಮೇಲಿನ ಬಾಯಿಯನ್ನು ಬಟ್ಟೆ ತುರುಕಿ ಮುಚ್ಚಿ. ಇಲ್ಲವಾದರೆ ರಾತ್ರಿಯ ತಂಪು ಗಾಳಿ ಇಳಿದು ಹಗಲಿನ ದುಡಿಮೆಯನ್ನು ಅಳಿಸುತ್ತದೆ.

ಹೊಸದಾಗಿ ಒತ್ತಿದ ಹಪ್ಪಳವನ್ನು ಮೇಲಿನ ತಟ್ಟೆಗೆ ಹಾಕಿ, ಅರೆ ಒಣಗಿದ್ದನ್ನು ಕೆಳಕ್ಕಿಳಿಸುತ್ತ ಬನ್ನಿ. ಬಾಗಿಸಿದರೆ ಪಟ್ಟೆಂದು ಮುರಿಯಬೇಕು. ಬಿಸಿ ಆರಿದ ಮೇಲೆಯೇ ಡಬ್ಬಕ್ಕೆ. ಮೆಣಸು, ಶುಂಠಿ, ಬಾಳೆಹಣ್ಣಿನ ಸುಕೇಳಿಗೂ ಇದೇ ಪೆಟ್ಟಿಗೆ ಆಗುತ್ತದೆ. ಸಿಪ್ಪೆ ಅಡಿಕೆಗೆ ಮಾತ್ರ ಇದು ಚಿಕ್ಕದು, ಅದಕ್ಕೆ ಅಂಗಳವೇ ಸರಿ.

ಜೂನಿನಲ್ಲಿ ಮಳೆ ಹಿಡಿದ ಮೇಲೆ ಅಟ್ಟಕ್ಕೂ ಹೊರಗಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿಯುವುದಿಲ್ಲ. ಫ್ಯಾನ್ ಬಿಚ್ಚಿ ಒಳಗಿಟ್ಟು, ಕೊಳವೆಯ ಎರಡೂ ತುದಿ ಮುಚ್ಚಿಬಿಡಿ. ಕಳೆದ ವರ್ಷ ನಾನು ಮರೆತಿದ್ದೆ. ಅಕ್ಟೋಬರಿನಲ್ಲಿ ತೆರೆದಾಗ ಫ್ಯಾನಿನ ರೆಕ್ಕೆಯ ಸಂದಿಯಲ್ಲಿ ಹಲ್ಲಿಯ ಎರಡು ಮೊಟ್ಟೆಯ ಚಿಪ್ಪು ಅಂಟಿಕೊಂಡಿದ್ದವು.