ಏರಿಲ್ಲದ ಊರಲ್ಲಿ ಮರಳೇ ಏರು

ಆ ದಾರಿ ನಲವತ್ತು ಮೀಟರ್ ಇರಬಹುದು, ಅಷ್ಟೇ. ಎರಡೂ ಬದಿ ಪೈನ್ ಮರ, ನಡುವೆ ಬಿಳಿ ಮರಳು. ಗಟ್ಟಿ ಮಣ್ಣಿನ ಮೇಲೆ ಜೋರಾಗಿ ಬಂದವನು ಅದೇ ವೇಗದಲ್ಲಿ ಮರಳಿಗೆ ನುಗ್ಗಿದೆ. ಮುಂದಿನ ಚಕ್ರ ಹೂತುಕೊಂಡಿತು, ಹ್ಯಾಂಡಲ್ ಪಕ್ಕಕ್ಕೆ ತಿರುಗಿತು, ನಾನು ಎಡಭುಜದ ಮೇಲೆ ಬಿದ್ದೆ.

ಹಿಂದೆ ಬರುತ್ತಿದ್ದ ಒಬ್ಬ ಡಚ್ ಹೆಂಗಸು ಸೈಕಲ್ ನಿಲ್ಲಿಸಿದರು. ನಮ್ಮಮ್ಮನ ವಯಸ್ಸು. ಪೆಟ್ಟಾಯಿತಾ ಅಂತ ಕೇಳಿದರು. ಇಲ್ಲ ಅಂದ ಮೇಲೆ ನನ್ನ ಟೈರನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ, "ಕಲ್ಲಿನ ಹಾಗಿದೆ. ಗಾಳಿ ಬಿಡಿ" ಅಂದರು. ತಮ್ಮ ಟೈರನ್ನೂ ಒತ್ತಿ ನೋಡಲು ಹೇಳಿದರು. ಮಾಗಿದ ಪೇರಲೆ ಹಣ್ಣಿನ ಹಾಗೆ ಸ್ವಲ್ಪ ಒಳಗೆ ಹೋಯಿತು.

ನಾನು ಸಾಗರದ ಕಡೆಯವನು. ನಮ್ಮಲ್ಲಿ ಸೈಕಲ್ ಅಂದರೆ ಏರು ಹತ್ತುವುದು, ಇಳಿಜಾರಲ್ಲಿ ಬ್ರೇಕ್ ಹಿಡಿಯುವುದು. ಕೆಲಸಕ್ಕೆಂದು ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ಗೆ ಬಂದಾಗ ಸುತ್ತ ಎಲ್ಲೂ ಗುಡ್ಡ ಕಾಣಲಿಲ್ಲ. 60 ಕಿಲೋಮೀಟರ್ ತುಳಿದರೂ ಒಟ್ಟು ಏರು 150 ಮೀಟರ್ ದಾಟುವುದಿಲ್ಲ. ಇಲ್ಲಿ ಸೈಕಲ್ ತುಳಿಯುವುದು ಸುಲಭ ಅಂದುಕೊಂಡು ಗ್ರಾವೆಲ್ ಬೈಕ್ ತೆಗೆದುಕೊಂಡೆ. ಅದರ ಹ್ಯಾಂಡಲ್ ರೇಸ್ ಸೈಕಲ್‌ನ ಹಾಗೆ ಬಾಗಿರುತ್ತದೆ, ಆದರೆ ಟೈರ್ ದಪ್ಪ. ಡಾಂಬರಿಗೂ ಸರಿ, ಕಾಡುದಾರಿಗೂ ಸರಿ. ಇಲ್ಲಿ ಏರಿನ ಕೆಲಸವನ್ನು ಮರಳು ಮತ್ತು ಎದುರುಗಾಳಿ ಮಾಡುತ್ತವೆ ಅಂತ ಗೊತ್ತಾಗಿದ್ದು ಆಮೇಲೆ.

ನನ್ನದು 40 ಮಿಲಿಮೀಟರ್ ಟ್ಯೂಬ್‌ಲೆಸ್ ಟೈರ್, ನನ್ನ ತೂಕ 70 ಕಿಲೋ. ಮೊದಮೊದಲು 50 ಪಿಎಸ್‌ಐ ಗಾಳಿ ತುಂಬುತ್ತಿದ್ದೆ. ಈಗ ಗಟ್ಟಿ ದಾರಿಗೆ 35, ಮರಳು ಜಾಸ್ತಿ ಇರುವ ದಿನ 26. ಗಾಳಿ ಕಡಿಮೆ ಇದ್ದರೆ ಟೈರ್ ಚಪ್ಪಟೆಯಾಗಿ ಮರಳಿನ ಮೇಲೆ ಅಗಲವಾಗಿ ಕೂರುತ್ತದೆ, ಹೂತುಕೊಳ್ಳುವುದಿಲ್ಲ. ಬೇರೆ ಏನನ್ನು ಮರೆತರೂ ಇದನ್ನು ಮರೆಯಬೇಡಿ. ದುಬಾರಿ ಚಕ್ರ ಕೊಳ್ಳುವ ಮುಂಚೆ ಸುಮ್ನೆ ಒಂದು ಸಲ ಗಾಳಿ ಇಳಿಸಿ ನೋಡಿ.

ಇನ್ನು ತುಳಿಯುವ ರೀತಿ. ಮರಳು ಕಾಣುತ್ತಿದ್ದ ಹಾಗೆಯೇ, ಅದರೊಳಗೆ ಹೋಗುವ ಮುಂಚೆಯೇ ಗೇರ್ ಹಗುರ ಮಾಡಿಕೊಳ್ಳಬೇಕು. ಒಳಗೆ ಹೋದ ಮೇಲೆ ಗೇರ್ ಬದಲಿಸಿದರೆ ಚೈನ್ ಕರಕರ ಅನ್ನುತ್ತದೆ, ಅಷ್ಟರಲ್ಲಿ ವೇಗ ಸತ್ತಿರುತ್ತದೆ. ಸೀಟಿನಲ್ಲಿ ಹಿಂದೆ ಸರಿದು ಕೂತರೆ ಮುಂದಿನ ಚಕ್ರ ಹಗುರವಾಗುತ್ತದೆ. ಹ್ಯಾಂಡಲ್ ಬಿಗಿಯಾಗಿ ಹಿಡಿಯಬಾರದು. ಅದು ಅತ್ತಿತ್ತ ಓಲಾಡುತ್ತದೆ, ಓಲಾಡಲಿ. ಕಾಲು ಮಾತ್ರ ನಿಲ್ಲಬಾರದು. ಕಣ್ಣು ಚಕ್ರದ ಮೇಲಲ್ಲ, ಮರಳು ಮುಗಿಯುವ ಜಾಗದ ಮೇಲಿರಬೇಕು. ಇದು ಕೈಗೆ, ಸೊಂಟಕ್ಕೆ ಹತ್ತುವುದಕ್ಕೆ ನನಗೆ ಒಂದು ಬೇಸಿಗೆ ಪೂರ್ತಿ ಬೇಕಾಯಿತು.

ಮರಳಲ್ಲೂ ಬೇರೆ ಬೇರೆ ಜಾತಿ ಇದೆ. ತೆಳು ಬಣ್ಣದ ಒಣ ಮರಳು ಸಡಿಲ. ಕಪ್ಪಗಿದ್ದರೆ ಒಳಗೆ ತೇವ ಇದೆ, ಗಟ್ಟಿ. ಪೈನ್ ಎಲೆ ಉದುರಿ ಹಾಸಿದ ಕಡೆ ಧೈರ್ಯವಾಗಿ ಹೋಗಬಹುದು. ಹುಲ್ಲಿನ ಬೇರು ಹಿಡಿದಿರುವ ಅಂಚೂ ಒಳ್ಳೆಯದು. ಕುದುರೆ ಗೊರಸಿನ ಗುರುತು ಕಂಡರೆ ಇಳಿದು ತಳ್ಳುವುದೇ ಸರಿ. ಅದು ಉತ್ತ ಗದ್ದೆಯ ಹಾಗೆ ಇರುತ್ತದೆ, ಮೇಲಾಗಿ ಸವಾರರಿಗೆ ಬಿಟ್ಟ ದಾರಿ.

ನಾನು ಜಾಸ್ತಿ ಹೋಗುವುದು ಹೇಜೆ ಊರಿನ ಪಕ್ಕದ ಸ್ಟ್ರಾಬ್ರೆಕ್ಟ್ಸೆ ಹೈಡೆಗೆ. ಹೈಡೆ ಅಂದರೆ ಹೀದರ್ ಗಿಡದ ಬಯಲು. ಮೊಣಕಾಲೆತ್ತರದ ಕುರುಚಲು ಗಿಡ, ಅಲ್ಲೊಂದು ಇಲ್ಲೊಂದು ಮರ. ವರ್ಷವೆಲ್ಲ ಕಂದು ಬಣ್ಣ. ಆಗಸ್ಟ್ ಬಂತೆಂದರೆ ಇಡೀ ಬಯಲು ನೇರಳೆ ಆಗುತ್ತದೆ, ಜೇನ್ನೊಣದ ಸದ್ದು ಸೈಕಲ್ ಮೇಲೂ ಕೇಳುತ್ತದೆ. ಅಲ್ಲಿಂದ ದಕ್ಷಿಣಕ್ಕೆ ಲೇಂಡರ್‌ಬೋಸ್ ಕಾಡು ದಾಟಿದರೆ ಬೆಲ್ಜಿಯಂ ಗಡಿಯ ಆಹೆಲ್ಸೆ ಕ್ಲೌಸ್ ಅನ್ನುವ ಹಳೆಯ ಮಠ. ಒಂದು ಸುತ್ತು ಸುಮಾರು 65 ಕಿಲೋಮೀಟರ್. ಇಲ್ಲಿ ಗಾಳಿ ಹೆಚ್ಚಾಗಿ ನೈಋತ್ಯದಿಂದ ಬೀಸುತ್ತದೆ. ಹಾಗಾಗಿ ಕಾಲಲ್ಲಿ ಶಕ್ತಿ ಇರುವಾಗಲೇ ಎದುರುಗಾಳಿಯಲ್ಲಿ ದಕ್ಷಿಣಕ್ಕೆ ಹೋಗುತ್ತೇನೆ, ಸುಸ್ತಾದಾಗ ಅದೇ ಗಾಳಿ ಬೆನ್ನ ಹಿಂದೆ ಇರುತ್ತದೆ. ಜೇಬಲ್ಲಿ ಶೇಂಗಾ ಚಿಕ್ಕಿ ಇದ್ದೇ ಇರುತ್ತದೆ.

ದಾರಿ ತಪ್ಪುವ ಭಯ ಇಲ್ಲ. ಸೈಕಲ್ ದಾರಿಗಳು ಕೂಡುವ ಕಡೆಯಲ್ಲೆಲ್ಲ ನಂಬರ್ ಹಾಕಿದ ಫಲಕ ಇರುತ್ತದೆ. ಹೋಗಬೇಕಾದ ನಂಬರ್‌ಗಳನ್ನು ಚೀಟಿಯಲ್ಲಿ ಬರೆದು ಸೈಕಲ್‌ಗೆ ಅಂಟಿಸಿಕೊಂಡರೆ ಸಾಕು. 1995ರಲ್ಲಿ ಪಕ್ಕದ ಬೆಲ್ಜಿಯಂನ ಲಿಂಬರ್ಗ್‌ನಲ್ಲಿ ಶುರುವಾದ ಪದ್ಧತಿ ಇದು. ಮಣ್ಣುದಾರಿ ಬೇಕಾದಾಗ ಆ ನಂಬರ್ ಬಿಟ್ಟು ಮೌಂಟನ್ ಬೈಕ್ ಗುರುತು ಹಿಡಿಯುತ್ತೇನೆ. ಕಾಲುದಾರಿಗೆ ಸೈಕಲ್ ಹಾಕುವುದಿಲ್ಲ. ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳು ಅಲ್ಲಿವೆ.

ಈ ಮರಳು ಎಲ್ಲಿಂದ ಬಂತು? ಸಮುದ್ರ ಇಲ್ಲಿಂದ ದೂರ. ಹಿಮಯುಗದ ಕೊನೆಯಲ್ಲಿ ಗಾಳಿ ತಂದು ಹಾಸಿದ ಮರಳು ಅಂತ ತಿಳಿದಾಗ ಆಶ್ಚರ್ಯವಾಯಿತು. ಅದಕ್ಕಿಂತ ಆಶ್ಚರ್ಯದ ಸಂಗತಿ ಬೇರೆ ಇದೆ. ಇಲ್ಲಿನ ರೈತರ ಜಮೀನು ಬಡ ಜಮೀನು. ಅದಕ್ಕೇ ಅವರು ಬಯಲಿನ ಹೀದರ್ ಗಿಡವನ್ನು ಬೇರು, ಮಣ್ಣಿನ ಸಮೇತ ಕೆತ್ತಿ ತಂದು ಕುರಿ ಕೊಟ್ಟಿಗೆಗೆ ಹಾಸುತ್ತಿದ್ದರು. ಕುರಿ ತುಳಿದು, ಗಂಜಲ ಹಿಕ್ಕೆ ಬಿದ್ದು, ಗೊಬ್ಬರವಾದ ಮೇಲೆ ಹೊಲಕ್ಕೆ ಹಾಕುತ್ತಿದ್ದರು. ನಮ್ಮ ಸೊಪ್ಪಿನ ಬೆಟ್ಟದ ಕಥೆಯೇ ಅಲ್ವಾ? ಇದನ್ನು ಫೋನಿನಲ್ಲಿ ಅಪ್ಪಯ್ಯನಿಗೆ ಹೇಳಿದೆ. "ಅಲ್ಲೂ ಕೊಟ್ಟಿಗೆಗೆ ಸೊಪ್ಪು ಹಾಸ್ತಿದ್ರಾ ಮಾರಾಯ?" ಅಂದವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಣ್ಣು ಸಮೇತ ಕೆತ್ತಬಾರದಿತ್ತು" ಅಂದರು.

ಅವರು ಹೇಳಿದ್ದು ಸರಿಯಾಗಿತ್ತು. ನೂರಾರು ವರ್ಷ ಕೆತ್ತಿ, ಮರ ಕಡಿದು, ಕುರಿ ಮೇಯಿಸಿ ನೆಲ ಬೋಳಾಯಿತು. ಮರಳು ಎದ್ದು ಹಾರತೊಡಗಿತು. ಅದನ್ನು ಕಣ್ಣಾರೆ ನೋಡಬೇಕೆಂದರೆ ಟಿಲ್ಬರ್ಗ್ ಉತ್ತರಕ್ಕಿರುವ ಲೋನ್ಸೆ ಎನ್ ದ್ರುನೆನ್ಸೆ ದೌನೆನ್‌ಗೆ ಹೋಗಬೇಕು. 2002ರಿಂದ ಅದು ರಾಷ್ಟ್ರೀಯ ಉದ್ಯಾನ. ರೈಲಿನಲ್ಲಿ ಸೈಕಲ್‌ಗೂ ಬೇರೆ ಟಿಕೆಟ್ ತೆಗೆದುಕೊಂಡು ಹೋದೆ. ಕಾಡಿನೊಳಗೆ ತುಳಿಯುತ್ತಾ ಇದ್ದಾಗ ಮರಗಳು ತಟ್ಟನೆ ಮುಗಿದವು, ಎದುರಿಗೆ ಬರೀ ಮರಳಿನ ದಿಬ್ಬ. ಸೈಕಲ್ ಬದಿಗೆ ನಿಲ್ಲಿಸಿ, ಬೂಟು ಬಿಚ್ಚಿ ನಡೆದೆ. ಒಂದು ಕಾಲಕ್ಕೆ ಈ ಮರಳು ಊರನ್ನೇ ಮುಚ್ಚಿತ್ತಂತೆ.

ನಾನು ಬಿದ್ದೆನಲ್ಲ, ಆ ಸಾಲು ಪೈನ್ ಮರಗಳೂ ತಾವಾಗಿ ಬೆಳೆದವಲ್ಲ. ಹಾರುವ ಮರಳನ್ನು ತಡೆಯಲು ಮತ್ತು ನೆದರ್ಲೆಂಡ್ಸ್‌ನಲ್ಲೇ ಇರುವ ಇನ್ನೊಂದು ಲಿಂಬರ್ಗ್‌ನ ಕಲ್ಲಿದ್ದಲು ಗಣಿಗಳಿಗೆ ಆಧಾರ ಕಂಬ ಕೊಡಲು ನೆಟ್ಟವು. ಪೈನ್ ಕಂಬ ಮುರಿಯುವ ಮುಂಚೆ ಲಟಲಟ ಸದ್ದು ಮಾಡುತ್ತಿತ್ತು, ಅಷ್ಟರಲ್ಲಿ ಗಣಿಯವರು ಓಡಿ ಜೀವ ಉಳಿಸಿಕೊಳ್ಳಬಹುದಿತ್ತು. ಅಲ್ಲಿನ ಕೊನೆಯ ಗಣಿಗಳು 1974ರಲ್ಲಿ ಮುಚ್ಚಿದವು. ಮರಗಳು ಮಾತ್ರ ಸಾಲಾಗಿ ನಿಂತಿವೆ.

ಹೊಸದಾಗಿ ಹೋಗುವವರಿಗೆ ಇನ್ನೆರಡು ಮಾತು. ಮನೆಗೆ ಬಂದ ಕೂಡಲೇ ಮೊಣಕಾಲ ಹಿಂದೆ, ಸೊಂಟದ ಸುತ್ತ ಉಣುಗು ಕಚ್ಚಿದೆಯಾ ನೋಡಿಕೊಳ್ಳಿ. ಮಂಗನ ಕಾಯಿಲೆ ಕಂಡ ನಮ್ಮ ಕಡೆಯವರಿಗೆ ಉಣುಗಿನ ಬಗ್ಗೆ ಹೇಳಬೇಕಿಲ್ಲ. ಇಲ್ಲಿ ಅದು ಲೈಮ್ ಕಾಯಿಲೆ ತರುತ್ತದೆ. ಜೂನ್ ಆಸುಪಾಸಿನಲ್ಲಿ ಓಕ್ ಮರದ ಕೆಳಗೆ ಕೂರಬೇಡಿ, ಕಂಬಳಿಹುಳದ ರೋಮ ತಾಗಿದರೆ ತುರಿಕೆ ದಿನಗಟ್ಟಲೆ ಇರುತ್ತದೆ. ಇನ್ನು ಸೈಕಲ್ಲಿಗೆ ಜೋರಾಗಿ ನೀರು ಹಾಯಿಸಬೇಡಿ. ಚೈನಿನ ಮರಳನ್ನು ಒಣ ಬ್ರಷ್‌ನಿಂದ ಉದುರಿಸಿ, ಒರೆಸಿ, ಆಮೇಲೆ ಎಣ್ಣೆ ಬಿಡಿ.

ಹೋದ ನವೆಂಬರ್‌ನಲ್ಲಿ ಎರಡು ದಿನ ಮಳೆ ಬಂದು ನಿಂತ ಮೇಲೆ ಅದೇ ನಲವತ್ತು ಮೀಟರ್ ಮರಳಿಗೆ ಹೋದೆ. 26 ಪಿಎಸ್‌ಐ, ಹಗುರ ಗೇರ್. ಕಾಲು ಕೆಳಗಿಡದೆ ದಾಟಿದೆ. ಇಳಿದು ತಿರುಗಿ ನೋಡಿದೆ. ತೇವದ ಮರಳಲ್ಲಿ ಹಿಂದಿನ ಚಕ್ರದ ಗುರುತು ಮುಂದಿನದರ ಮೇಲೆಯೇ ಬಿದ್ದಿತ್ತು, ಮೂರು ಕಡೆ ಮಾತ್ರ ಎರಡೂ ಬೇರೆಯಾಗಿದ್ದವು. ಮೇಲೆ ಕ್ರೇನ್ ಹಕ್ಕಿಗಳ ಸಾಲೊಂದು ಕೂಗುತ್ತಾ ಬೌವನ್ ಕೆರೆಯ ಕಡೆ ಹೋಯಿತು. ಇನ್ನು ಹೇಜೆವರೆಗೆ ಡಾಂಬರು. ಪಂಪ್ ತೆಗೆದು ಮತ್ತೆ ಗಾಳಿ ತುಂಬಿಕೊಂಡೆ.